ಡಾರ್ವಿನ್ನನಿಗೆ ತಲೆನೋವು ತಂದ ನಮ್ಮ ಸೀಮೆಯ ನವಿಲು

ನಾಗಮಂಗಲ ಸೀಮೆಯವರಿಗೆ ನವಿಲಿನ ಬಗ್ಗೆ ಬರೆಯುವುದೆಂದರೆ ಮಂಡ್ಯದವರಿಗೆ ಬೆಲ್ಲದ ರುಚಿ ವಿವರಿಸಿದಂತೆ. ಬೆಳಗ್ಗೆ ಹೊಲದ ಬದುವಿನ ಮೇಲೆ ನಿಂತಿರುವುದು ಅದೇ, ಮೋಡ ಕಟ್ಟಿದಾಗ ಗುಡ್ಡದ ಕಡೆಯಿಂದ ಕೂಗುವುದೂ ಅದೇ. ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಭಾಗದ ಇತಿಹಾಸ ಕುರಿತು ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ಹೊಳೆದದ್ದು ಈ ಹಕ್ಕಿ. ಸೌಮ್ಯಕೇಶವ ದೇವಾಲಯ, ಹೊಯ್ಸಳರ ಕಾಲ, ಪಾಳೆಯಗಾರರು, ಇವನ್ನೆಲ್ಲ ನನಗಿಂತ ಬಲ್ಲವರು ಬರೆಯುತ್ತಾರೆ. ನಾನು ಓದಿದ್ದು ಬಿ.ಇ., ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಕೆಲಸ. ಆದರೆ ಇಂಗ್ಲೆಂಡು, ಇಸ್ರೇಲು, ಜಪಾನು, ಕೆನಡಾ ದೇಶಗಳ ವಿಜ್ಞಾನಿಗಳು ನೂರೈವತ್ತು ವರ್ಷಗಳಿಂದ ಜಗಳವಾಡುತ್ತಿರುವುದು ನಮ್ಮ ಹುರುಳಿ ಹೊಲದಲ್ಲಿ ಓಡಾಡುವ ಈ ಹಕ್ಕಿಯ ಸೋಗೆಯ ವಿಚಾರಕ್ಕೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅದೂ ಒಂದು ಇತಿಹಾಸವೇ.

ನಮ್ಮ ತಾಲ್ಲೂಕಿನ ಆದಿಚುಂಚನಗಿರಿ ಬೆಟ್ಟದ ಸುತ್ತಲಿನ ಕುರುಚಲು ಕಾಡನ್ನು ಸರ್ಕಾರ ನವಿಲುಧಾಮವೆಂದು ಘೋಷಿಸಿದ್ದು 1981ರಲ್ಲಿ. ಒಂದು ಚದರ ಕಿಲೋಮೀಟರಿಗೂ ಕಡಿಮೆ ಜಾಗ. ರಾಜ್ಯದ ಅತಿ ಚಿಕ್ಕ ವನ್ಯಧಾಮಗಳಲ್ಲಿ ಇದೂ ಒಂದು. ಘೋಷಣೆ ಆಗುವುದಕ್ಕೆ ಮೊದಲೂ ಅಲ್ಲಿ ನವಿಲುಗಳಿದ್ದವು. ಕ್ಷೇತ್ರದ ಹಕ್ಕಿ ಎಂಬ ಭಕ್ತಿಯೇ ಅವಕ್ಕೆ ಬೇಲಿಯಾಗಿತ್ತು. ಅದಕ್ಕೂ ಮುನ್ನ, 1963ರಲ್ಲಿ, ನವಿಲು ರಾಷ್ಟ್ರಪಕ್ಷಿಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಮೊದಲನೇ ಅನುಸೂಚಿಗೆ ಸೇರಿಸಿ, ಹುಲಿಗೆ ಕೊಟ್ಟಷ್ಟೇ ರಕ್ಷಣೆ ಕೊಟ್ಟಿತು.

ಮೊದಲು ಒಂದು ಮಾತಿನ ವಿಚಾರ. ಇಂಗ್ಲಿಷಿನವರು ಸಾಮಾನ್ಯವಾಗಿ ನವಿಲಿನ 'ಬಾಲ' ಎಂದು ಬರೆಯುತ್ತಾರೆ. ಅದು ಬಾಲ ಅಲ್ಲ. ನವಿಲಿನ ನಿಜವಾದ ಬಾಲ ಇಪ್ಪತ್ತು ಗಿಡ್ಡ ಕಂದು ಗರಿಗಳದ್ದು. ಹಕ್ಕಿ ಕುಣಿಯುವಾಗ ಹಿಂದುಗಡೆ ಹೋಗಿ ನೋಡಿದರೆ ಅದು ಊರುಗೋಲಿನ ಹಾಗೆ ಒತ್ತುಕೊಟ್ಟು ನಿಂತಿರುವುದು ಕಾಣುತ್ತದೆ. ಮುಂದೆ ಬಿಚ್ಚಿಕೊಳ್ಳುವ ಬೀಸಣಿಗೆ ಬಾಲದ ಮೇಲ್ಭಾಗದ ಬೆನ್ನಿನಿಂದ ಬೆಳೆದ ಗರಿಗಳು. ಉದ್ದ ಸುಮಾರು ಒಂದೂವರೆ ಮೀಟರು, ಅದರಲ್ಲಿ ನೂರೈವತ್ತರ ಆಸುಪಾಸು ಕಣ್ಣುಗಳು. ಕನ್ನಡದಲ್ಲಿ ಇದಕ್ಕೆ 'ಸೋಗೆ' ಎಂಬ ಬೇರೆ ಹೆಸರೇ ಇದೆ. ತಮಿಳಿನಲ್ಲಿ ಇದು 'ತೋಗೈ'. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಸಾಲೊಮನ್ ರಾಜನ ಹಡಗುಗಳು ಚಿನ್ನ, ಬೆಳ್ಳಿ, ದಂತದ ಜೊತೆ ತಂದವೆಂದು ಹೇಳುವ 'ತುಕ್ಕಿ' ಎಂಬ ಹಕ್ಕಿಯ ಹೆಸರು ಈ ದ್ರಾವಿಡ ಮಾತಿನಿಂದಲೇ ಹೋದದ್ದು ಎಂದು ಕಾಲ್ಡ್‌ವೆಲ್ ಮುಂತಾದ ಭಾಷಾವಿದ್ವಾಂಸರು ವಾದಿಸಿದ್ದಾರೆ. ಹಕ್ಕಿಗಿಂತ ಮೊದಲು ಅದರ ಸೋಗೆಯೇ ಸಮುದ್ರ ದಾಟಿತು ಅನ್ನಿ.

ಪುಸ್ತಕದ ನಡುವೆ ನವಿಲುಗರಿ ಇಟ್ಟರೆ ಅದು ಮರಿ ಹಾಕುತ್ತದೆ ಎಂಬ ನಂಬಿಕೆ ನಮ್ಮ ಶಾಲೆಯ ಪ್ರತಿ ಬ್ಯಾಚಿನಲ್ಲೂ ಇತ್ತು. ಈಗಲೂ ಇರಬೇಕು. ಆ ಗರಿಯನ್ನು ಜಜ್ಜಿ ಪುಡಿ ಮಾಡಿದರೆ ಉಳಿಯುವುದು ಕಂದು ಬಣ್ಣ ಮಾತ್ರ. ನೀಲಿ, ಹಸಿರು ಎರಡೂ ಮಾಯ. ಏಕೆಂದರೆ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ. 1665ರಲ್ಲೇ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ನವಿಲುಗರಿ ನೋಡಿ, ನೀರಿನಲ್ಲಿ ನೆನೆಸಿದರೆ ಅದರ ಬಣ್ಣ ಹೋಗುತ್ತದೆಂದು ಬರೆದಿಟ್ಟಿದ್ದ. ಎಳೆಗಳೊಳಗೆ ಕಂದು ಮೆಲನಿನ್ ಕಡ್ಡಿಗಳು ಜಾಲರಿಯಂತೆ ಜೋಡಣೆಯಾಗಿವೆ, ಆ ಜಾಲರಿಯ ಅಂತರ ಕೊಂಚ ಹೆಚ್ಚುಕಮ್ಮಿಯಾದರೆ ನೀಲಿ ಹಸಿರಾಗುತ್ತದೆ, ಹಸಿರು ಹಳದಿಯಾಗುತ್ತದೆ ಎಂದು ಶಾಂಘಾಯ್‌ನ ವಿಜ್ಞಾನಿಗಳು ತೋರಿಸಿಕೊಟ್ಟದ್ದು 2003ರಲ್ಲಿ. ನಡುವೆ ನಮ್ಮ ಬೆಂಗಳೂರಿನಲ್ಲಿ ಸಿ.ವಿ. ರಾಮನ್ನರು 1934ರಲ್ಲಿ ಹಕ್ಕಿಗರಿಗಳ ಬಣ್ಣದ ಮೂಲ ಕುರಿತು ಪ್ರಬಂಧ ಬರೆದರು. ಅವರು ಹಿಡಿದದ್ದು ನವಿಲನ್ನಲ್ಲ, ಇಂದು ನಮ್ಮ ರಾಜ್ಯಪಕ್ಷಿಯಾಗಿರುವ ನೀಲಕಂಠವನ್ನು.

ಇನ್ನು ಜಗಳಕ್ಕೆ ಬರೋಣ. ಪ್ರಾಣಿಗಳ ವಿಚಿತ್ರ ಅಂಗಗಳಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಶ್ರೀರಂಗಪಟ್ಟಣದ ಹತ್ತಿರ, ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರಿನ ಅರಸರು 1940ರಲ್ಲಿ ಪಕ್ಷಿಧಾಮ ಮಾಡಿದ ರಂಗನತಿಟ್ಟಿಗೆ ಹೋದರೆ ಬಾಯ್ಕಳಕ ಕೊಕ್ಕರೆ ಕಾಣುತ್ತದೆ. ಅದರ ಮೇಲುಕೊಕ್ಕು, ಕೆಳಕೊಕ್ಕು ಮಧ್ಯದಲ್ಲಿ ಕೂಡುವುದೇ ಇಲ್ಲ. ಅಡಿಕೆ ಕತ್ತರಿ ಅರ್ಧ ಮುಚ್ಚಿದಂತೆ ಸಂದಿ. ಮರಿಗೆ ಈ ಸಂದಿ ಇರುವುದಿಲ್ಲ, ಬೆಳೆದಂತೆ ಬರುತ್ತದೆ. ಗದ್ದೆ, ಕೆರೆಗಳ ಬಸವನಹುಳುವನ್ನು ಹಿಡಿದು ಚಿಪ್ಪಿನಿಂದ ಎಳೆಯಲು ಅದು ಹೇಳಿ ಮಾಡಿಸಿದ ಇಕ್ಕಳ. ಚಳಿಗಾಲದಲ್ಲಿ ಮೈಸೂರು ಕಡೆಯ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಉಸಿರು ಸಿಕ್ಕದ ಆ ಎತ್ತರದಲ್ಲೂ ಅವುಗಳ ರಕ್ತ ಆಮ್ಲಜನಕವನ್ನು ಬೇರೆ ಹಕ್ಕಿಗಳಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇವೆಲ್ಲ ವಿಚಿತ್ರ ನಿಜ, ಆದರೆ ಉಪಯೋಗ ಏನೆಂದು ಕೇಳಿದರೆ ಉತ್ತರ ಕೈಬೆರಳ ತುದಿಯಲ್ಲಿದೆ. ನವಿಲಿನ ಸೋಗೆಗೆ ಏನು ಉಪಯೋಗ? ಅದನ್ನು ಎಳೆದುಕೊಂಡು ಪೊದೆ ನುಗ್ಗಬೇಕು, ನಾಯಿ ಬಂದರೆ ಹಾರಬೇಕು. ವರ್ಷಕ್ಕೊಮ್ಮೆ ಮಳೆಗಾಲದ ಕೊನೆಗೆ ಅಷ್ಟನ್ನೂ ಉದುರಿಸಿ ಮತ್ತೆ ಹೊಸದಾಗಿ ಬೆಳೆಸಬೇಕು.

ಚಾರ್ಲ್ಸ್ ಡಾರ್ವಿನ್ನನಿಗೆ ನಿದ್ದೆಗೆಡಿಸಿದ್ದು ಇದೇ. 1859ರ ನವೆಂಬರಿನಲ್ಲಿ ಅವನ 'ಜೀವಜಾತಿಗಳ ಉಗಮ' ಹೊರಬಂತು. ಬದುಕಲು ನೆರವಾಗುವ ಗುಣ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತದೆ, ತೊಡಕಾಗುವ ಗುಣ ಅಳಿಯುತ್ತದೆ ಎಂಬುದು ಅದರ ಸಾರ. ನಮಗೆ ತರಗತಿಯಲ್ಲಿ ಜಿರಾಫೆಯ ಕುತ್ತಿಗೆಯ ಚಿತ್ರ ಬರೆದು ಹೇಳಿಕೊಟ್ಟದ್ದೂ ಇಷ್ಟೇ. ಪುಸ್ತಕ ಬಂದು ಐದು ತಿಂಗಳೂ ಆಗಿರಲಿಲ್ಲ, 1860ರ ಏಪ್ರಿಲ್ 3ರಂದು ಡಾರ್ವಿನ್ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಕಾಗದ ಬರೆದು, ನವಿಲಿನ ಒಂದು ಗರಿ ಕಣ್ಣಿಗೆ ಬಿದ್ದರೂ ಸಾಕು ತನಗೆ ಹೊಟ್ಟೆ ತೊಳಸಿದಂತಾಗುತ್ತದೆ ಎಂಬರ್ಥದ ಮಾತು ಹೇಳಿದ. ಅವನ ಹಡಗು ಬೀಗಲ್ ಲೋಕವನ್ನೆಲ್ಲ ಸುತ್ತಿದರೂ ಭಾರತದ ದಡ ಮುಟ್ಟಲಿಲ್ಲ. ಅವನು ನೋಡಿದ್ದು ಇಂಗ್ಲೆಂಡಿನ ಸಿರಿವಂತರ ತೋಟಗಳಲ್ಲಿ ಸಾಕಿದ ನವಿಲುಗಳನ್ನು.

ಹನ್ನೊಂದು ವರ್ಷ ಕಳೆದು, 1871ರಲ್ಲಿ, 'ಮಾನವನ ಅವತರಣ' ಎಂಬ ದಪ್ಪ ಪುಸ್ತಕದಲ್ಲಿ ಡಾರ್ವಿನ್ ಉತ್ತರ ಕೊಟ್ಟ. ಸೋಗೆ ಬದುಕಿಗೆ ನೆರವಾಗದಿರಬಹುದು, ಜೊತೆ ಸಿಗಲು ನೆರವಾಗುತ್ತದೆ. ಹೆಣ್ಣು ನವಿಲು ಗಂಡುಗಳನ್ನು ನೋಡಿ ಆರಿಸಿಕೊಳ್ಳುತ್ತದೆ. ಚೆಂದ ಕಂಡ ಗಂಡಿಗೆ ಹೆಚ್ಚು ಮರಿ. ಆ ಮರಿಗಳಿಗೆ ಅಪ್ಪನ ಚೆಂದ. ಹೀಗೆ ಸಾವಿರಾರು ತಲೆಮಾರು. ಸಾಕ್ಷಿಗೆ ಅವನು ಸರ್ ಆರ್. ಹೆರನ್ ಎಂಬ ನವಿಲು ಸಾಕುವವನ ಅನುಭವವನ್ನೂ ಹೇಳಿದ. ಹೆರನ್ನನ ಹೆಣ್ಣು ನವಿಲುಗಳೆಲ್ಲ ಒಂದು ಮುದಿ ಚುಕ್ಕೆ ನವಿಲಿನ ಹಿಂದೆಯೇ ಹೋಗುತ್ತಿದ್ದವಂತೆ.

ಇದನ್ನು ಅಂದಿನ ಪಂಡಿತರು ಒಪ್ಪಲಿಲ್ಲ. ಮಂಗನಿಂದ ಮಾನವ ಎಂದಾಗ ಆದ ಗಲಾಟೆ ಎಲ್ಲರಿಗೂ ಗೊತ್ತು. ಹೆಣ್ಣು ಆರಿಸುತ್ತದೆ ಎಂದಾಗ ಆದ ಗಲಾಟೆ ಅಷ್ಟು ಹೆಸರಾಗಲಿಲ್ಲ. ಆದರೆ ಅದು ಹೆಚ್ಚು ಕಾಲ ನಡೆಯಿತು. ಹೆಣ್ಣಿನ ಚಂಚಲ ಮನಸ್ಸಿನ ಮೇಲೆ ಇಷ್ಟು ನಿಖರವಾದ ಚಿತ್ತಾರ ಹೇಗೆ ನಿಲ್ಲುತ್ತದೆ ಎಂದು ಸೇಂಟ್ ಜಾರ್ಜ್ ಮೈವರ್ಟ್ ಎಂಬಾತ ಅದೇ ವರ್ಷ ಕಟುವಾಗಿ ಬರೆದ. ಜೀವವಿಕಾಸದ ತತ್ತ್ವವನ್ನು ಡಾರ್ವಿನ್ನನ ಜೊತೆಗೇ ಕಂಡುಕೊಂಡ, 1858ರಲ್ಲಿ ಅವನ ಜೊತೆಗೇ ಪ್ರಕಟಿಸಿದ ಆಲ್ಫ್ರೆಡ್ ವ್ಯಾಲೇಸ್ ಕೂಡ ಈ ವಿಚಾರದಲ್ಲಿ ಕೈಬಿಟ್ಟ. ಗಂಡಿನ ಬಣ್ಣ ಮೈಯಲ್ಲಿ ಹೆಚ್ಚಾದ ಕಸುವಿನಿಂದ ಬಂದದ್ದು, ಹೆಣ್ಣಿನ ಮಂಕು ಬಣ್ಣ ಗೂಡಿನಲ್ಲಿ ಮರೆಯಾಗಿರಲು ಬಂದದ್ದು ಎಂಬುದು ಅವನ ವಾದ. ಎರಡನೆಯ ಮಾತು ಸರಿ. ಲಾಂಟಾನ ಪೊದೆಯ ಬುಡದಲ್ಲಿ ನೆಲ ಕೆದರಿ ನಾಲ್ಕಾರು ಮೊಟ್ಟೆ ಇಟ್ಟು ಸುಮಾರು ನಾಲ್ಕು ವಾರ ಕಾವು ಕೂರುವ ಹೆಣ್ಣು ನವಿಲನ್ನು, ಮೂರು ಮಾರು ದೂರದಲ್ಲಿ ನಿಂತರೂ ಕಂಡುಹಿಡಿಯುವುದು ಕಷ್ಟ. ಕಾವಿಗಾಗಲಿ ಮರಿ ಸಾಕುವುದಕ್ಕಾಗಲಿ ಗಂಡು ಬರುವುದಿಲ್ಲ. ಅಷ್ಟು ಹೊಣೆ ಹೊರುವ ಹೆಣ್ಣಿಗೆ ಗಂಡನ್ನು ತೂಗಿ ನೋಡುವ ಬುದ್ಧಿ ಇರಲಾರದು ಎಂದು ಆ ದೊಡ್ಡವರಿಗೆ ಏಕೆ ಅನಿಸಿತೋ! ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದು 1918ರಲ್ಲಿ, ಅದೂ ಮೂವತ್ತು ತುಂಬಿದವರಿಗೆ ಮಾತ್ರ, ಎಂಬುದನ್ನು ನೆನೆದರೆ ಸ್ವಲ್ಪ ಅರ್ಥವಾಗುತ್ತದೆ.

ಡಾರ್ವಿನ್ನನ ಮಾತಿನಲ್ಲೂ ಒಂದು ತೂತಿತ್ತು. ಹೆಣ್ಣಿಗೆ ಸೋಗೆಯೇ ಏಕೆ ಇಷ್ಟವಾಗಬೇಕು? ರೊನಾಲ್ಡ್ ಫಿಷರ್ ಎಂಬ ಗಣಿತಜ್ಞ 1915ರಲ್ಲಿ ಒಂದು ಲೇಖನದಲ್ಲಿ, ಆಮೇಲೆ 1930ರಲ್ಲಿ ಪುಸ್ತಕದಲ್ಲಿ ಇದಕ್ಕೆ ಉತ್ತರ ಹುಡುಕಿದ. ನನ್ನಂಥ ಪ್ರೋಗ್ರಾಂ ಬರೆಯುವವರಿಗೆ ಅದು ಬೇಗ ಅರ್ಥವಾಗುತ್ತದೆ. ಉದ್ದ ಸೋಗೆ ಮೆಚ್ಚುವ ತಾಯಿಗೆ ಉದ್ದ ಸೋಗೆಯ ಮಗ, ಉದ್ದ ಸೋಗೆ ಮೆಚ್ಚುವ ಮಗಳು ಹುಟ್ಟುತ್ತಾರೆ. ಮುಂದಿನ ಸುತ್ತಿನಲ್ಲಿ ಮೆಚ್ಚುಗೆಯೂ ಹೆಚ್ಚು, ಸೋಗೆಯೂ ಹೆಚ್ಚು. ನಿಲ್ಲಿಸುವ ಷರತ್ತು ಬರೆಯದ ಲೂಪ್ ಇದು. ಹಕ್ಕಿ ಹಾರಲಾರದಷ್ಟು ಭಾರವಾಗುವವರೆಗೆ ಓಡುತ್ತಲೇ ಇರುತ್ತದೆ. ನಮ್ಮ ಕಡೆಯ ಮದುವೆ ಖರ್ಚು ನೋಡಿದವರಿಗೆ ಬೇರೆ ಉದಾಹರಣೆ ಬೇಡ. ಒಬ್ಬರು ಸಾವಿರ ಎಲೆ ಹಾಕಿಸಿದರೆ ಮುಂದಿನವರು ಎರಡು ಸಾವಿರ.

ಇಸ್ರೇಲಿನ ಅಮೋಟ್ಸ್ ಜಹಾವಿ 1975ರಲ್ಲಿ ಇದನ್ನು ತಿರುಗಿಸಿ ಹೇಳಿದರು. ಸೋಗೆ ಭಾರ ಎಂಬುದೇ ಅದರ ಬೆಲೆ. ಇಷ್ಟು ಹೊತ್ತೂ ನರಿಗೆ ಸಿಕ್ಕದೆ ಬದುಕಿದ್ದೇನೆ ನೋಡು ಎಂದು ಗಂಡು ತೋರಿಸಿಕೊಳ್ಳುತ್ತದೆ. ಸಾಲ ಮಾಡದೆ ಇಡೀ ಹೋಬಳಿಗೆ ಬೀಗರೂಟ ಹಾಕಿಸಿದವನ ಮನೆಯಲ್ಲಿ ನಿಜಕ್ಕೂ ದುಡ್ಡಿದೆ ಎಂದು ನೆಂಟರು ಲೆಕ್ಕ ಹಾಕುವುದಿಲ್ಲವೇ, ಹಾಗೆ. ಬಡಕಲು ಹಕ್ಕಿ ಇದನ್ನು ನಕಲು ಮಾಡಲಾರದು. ನವಿಲು ಕುಣಿದದ್ದು ಕಂಡು ಕೆಂಬೂತ ಪುಕ್ಕ ಕೆದರಿತು ಎಂಬ ಗಾದೆಯಲ್ಲಿ ನಮ್ಮ ಹಿರಿಯರು ಸಿದ್ಧಾಂತದ ಅರ್ಧವನ್ನು ಆಗಲೇ ಹೇಳಿಬಿಟ್ಟಿದ್ದರು. ಜಹಾವಿಯವರ ಮಾತನ್ನು ಹಲವರು ನಕ್ಕು ತಳ್ಳಿಹಾಕಿದರು. 1990ರಲ್ಲಿ ಆಕ್ಸ್‌ಫರ್ಡಿನ ಅಲನ್ ಗ್ರಾಫೆನ್ ಗಣಿತ ಹಾಕಿ, ಹೀಗೆ ಆಗಲು ಸಾಧ್ಯವಿದೆ ಎಂದು ತೋರಿಸಿದ ಮೇಲೆ ನಗು ನಿಂತಿತು.

ಇಷ್ಟೂ ಕಾಲ ನಡೆದದ್ದು ಬಾಯಿಮಾತು ಮತ್ತು ಲೆಕ್ಕ. ಕೂತು ಎಣಿಸಿದ್ದು ಮೇರಿಯನ್ ಪೆಟ್ರಿ. ಲಂಡನ್ನಿನ ಉತ್ತರಕ್ಕಿರುವ ವಿಪ್ಸ್‌ನೇಡ್ ಉದ್ಯಾನದಲ್ಲಿ ಬಿಡುವಾಗಿ ಓಡಾಡುವ ನವಿಲುಗಳ ಸೋಗೆಯ ಕಣ್ಣುಗಳನ್ನು ಅವರೂ ಸಂಗಡಿಗರೂ ಎಣಿಸಿ, ಹೆಚ್ಚು ಕಣ್ಣುಳ್ಳ ಗಂಡಿಗೆ ಹೆಚ್ಚು ಜೊತೆ ಸಿಕ್ಕುತ್ತದೆಂದು 1991ರಲ್ಲಿ ಪ್ರಕಟಿಸಿದರು. ಆಮೇಲೆ ಕೆಲವು ಗಂಡುಗಳ ಸೋಗೆಯಿಂದ ಇಪ್ಪತ್ತು ಕಣ್ಣುಗಳನ್ನು ಕತ್ತರಿಸಿ ನೋಡಿದರು. ಮುಂದಿನ ವರ್ಷ ಅವಕ್ಕೆ ಸಿಕ್ಕ ಜೊತೆ ಕಡಿಮೆಯಾಯಿತು. 1994ರಲ್ಲಿ ಇನ್ನೂ ಮುಂದೆ ಹೋಗಿ, ಹೆಣ್ಣುಗಳಿಗೆ ಆಯ್ಕೆಯೇ ಇಲ್ಲದಂತೆ ಜೋಡಿ ಮಾಡಿಸಿ, ಹುಟ್ಟಿದ ಮರಿಗಳನ್ನು ಒಂದೇ ಥರ ಸಾಕಿ ಉದ್ಯಾನಕ್ಕೆ ಬಿಟ್ಟರು. ಚೆಂದದ ಅಪ್ಪಂದಿರ ಮರಿಗಳು ಚೆನ್ನಾಗಿ ಬೆಳೆದವು, ಹೆಚ್ಚು ಬದುಕಿದವು. ಡಾರ್ವಿನ್ನನೂ ಜಹಾವಿಯವರೂ ಗೆದ್ದರೆಂದು ಪಠ್ಯಪುಸ್ತಕಗಳು ಬರೆದುಕೊಂಡವು.

ಅಷ್ಟರಲ್ಲಿ ಜಪಾನಿನಿಂದ ತಕರಾರು ಬಂತು. ಇಜು ಕ್ಯಾಕ್ಟಸ್ ಪಾರ್ಕಿನ ನವಿಲುಗಳನ್ನು ಮರಿಕೊ ತಕಾಹಾಶಿ ಮತ್ತು ಸಂಗಡಿಗರು ಏಳು ವರ್ಷ ನೋಡಿ, ಸೋಗೆಗೂ ಹೆಣ್ಣಿನ ಆಯ್ಕೆಗೂ ಸಂಬಂಧ ಕಾಣಲಿಲ್ಲ ಎಂದು 2008ರಲ್ಲಿ ಬರೆದರು. ಪೆಟ್ರಿಯವರ ಕಡೆಯಿಂದ ಉತ್ತರ ಹೋಯಿತು. 2011ರಲ್ಲಿ ಕೆನಡಾದ ರಾಸ್ಲಿನ್ ಡೇಕಿನ್ ಮತ್ತು ರಾಬರ್ಟ್ ಮಾಂಟ್‌ಗಮರಿ ನಡುವಿನ ದಾರಿ ತೋರಿಸಿದರು: ಕಣ್ಣುಗಳು ತೀರಾ ಕಡಿಮೆಯಿದ್ದರೆ ಹೆಣ್ಣು ಹತ್ತಿರ ಬರುವುದಿಲ್ಲ, ಸಾಕಷ್ಟಿದ್ದ ಮೇಲೆ ಎಣಿಕೆಗಿಂತ ಬೇರೆ ಏನೋ ನೋಡುತ್ತದೆ. ಆ ಬೇರೆ ಎಂಬುದರಲ್ಲಿ ಕಣ್ಣಿನ ನೀಲಿ-ಹಸಿರಿನ ಹೊಳಪು ಮುಖ್ಯ ಎಂದು ಎರಡು ವರ್ಷದ ಮೇಲೆ ಅವರೇ ತೋರಿಸಿದರು. ಸೋಗೆ ಭಾರ ಎಂಬ ಮಾತೂ ಪೂರ್ತಿ ಉಳಿಯಲಿಲ್ಲ. 2014ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಗ್ರಹಾಂ ಆಸ್ಕ್ಯೂ ಸೋಗೆ ಇದ್ದಾಗಲೂ ಕತ್ತರಿಸಿದ ಮೇಲೂ ನವಿಲು ನೆಲದಿಂದ ಮೇಲೇಳುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರೆ, ಹೆಚ್ಚಿನ ವ್ಯತ್ಯಾಸವೇ ಸಿಗಲಿಲ್ಲ.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಬೇರೆ ಎರಡು ಪ್ರಯೋಗ. 2013ರಲ್ಲಿ ಜೆಸಿಕಾ ಯೋರ್ಜಿನ್ಸ್‌ಕಿ ಹೆಣ್ಣು ನವಿಲುಗಳ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ, ಅವುಗಳ ಕಣ್ಣು ಎಲ್ಲಿ ನೋಡುತ್ತದೆ ಎಂದು ಗುರುತಿಸಿದರು. ಗಂಡು ಎದುರಿಗೆ ಮೈಮರೆತು ಕುಣಿಯುತ್ತಿದ್ದರೂ ಹೆಣ್ಣು ಅದನ್ನು ನೋಡಿದ್ದು ಮೂರನೇ ಒಂದು ಪಾಲಿಗಿಂತ ಕಡಿಮೆ ಸಮಯ. ಉಳಿದ ಹೊತ್ತು ಸುತ್ತಮುತ್ತಲಿನ ಮೇಲೆ ಕಣ್ಣು. ನೋಡಿದಾಗಲೂ ಸೋಗೆಯ ಕೆಳಭಾಗವನ್ನೇ ಹೆಚ್ಚು ನೋಡಿದವು. ಇನ್ನೊಂದು 2016ರದ್ದು. ಕುಣಿಯುವ ಗಂಡು ಗರಿಗಳನ್ನು ಸೆಕೆಂಡಿಗೆ ಸುಮಾರು ಇಪ್ಪತ್ತೈದು ಸಲ ಅದುರಿಸುತ್ತದೆ. ನಮಗೆ ಕೇಳುವ ಆ ಸರಸರ ಸದ್ದು ಅದೇ. ಅಷ್ಟು ಅದುರಿದರೂ ಕಣ್ಣುಗಳು ಮಾತ್ರ ಹೆಚ್ಚುಕಡಿಮೆ ಅಲುಗದೆ ತೇಲಿದಂತೆ ನಿಲ್ಲುತ್ತವೆ. ನವಿಲಿನ ತಲೆಯ ಜುಟ್ಟಿನ ಗರಿಗಳೂ ಸಹಜವಾಗಿ ಅದೇ ವೇಗದ ಹತ್ತಿರಕ್ಕೆ ಕಂಪಿಸುತ್ತವೆಂದು 2018ರಲ್ಲಿ ಗೊತ್ತಾಯಿತು. ಅಂದರೆ ಹೆಣ್ಣು ಗಂಡಿನ ಕುಣಿತವನ್ನು ಕಣ್ಣಿನಿಂದ ಮಾತ್ರವಲ್ಲ, ಜುಟ್ಟಿನಿಂದಲೂ ತಿಳಿಯುತ್ತಿರಬಹುದು.

ಇಲ್ಲಿ ಒಂದು ಸಂಗತಿ ಗಮನಿಸಿ. ಇಂಗ್ಲೆಂಡು, ಜಪಾನು, ಅಮೆರಿಕ ಎಲ್ಲ ಕಡೆಯೂ ನೋಡಿದ್ದು ಉದ್ಯಾನದಲ್ಲೋ ಬೇಲಿಯೊಳಗೋ ಇದ್ದ ಹಕ್ಕಿಗಳನ್ನು. ಹೊರಗಿನಿಂದ ಒಯ್ದ ನವಿಲುಗಳ ಸಂತಾನವನ್ನು. ಸೋಗೆ ಬೆಳೆದದ್ದು ನರಿ, ಚಿರತೆ, ಮುಂಗಾರು, ಬರಗಾಲಗಳಿರುವ ನಮ್ಮ ಈ ಬಯಲಿನಲ್ಲಿ. ಸೋಗೆಯ ಲಾಭ ನಷ್ಟದ ಲೆಕ್ಕ ಸರಿಯಾಗಿ ಹಾಕಬೇಕಾದ್ದೂ ಇಲ್ಲೇ.

ಹಾಗೆ ಹಾಕುವವರು ಬರಬೇಕಾದ್ದು ನಮ್ಮಂಥ ಶಾಲೆಗಳಿಂದ. ಆದರೆ ಎನ್‌ಸಿಇಆರ್‌ಟಿಯವರು ಹತ್ತನೇ ತರಗತಿಯ ವಿಜ್ಞಾನದಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ' ಎಂದಿದ್ದ ಪಾಠದಿಂದ ಜೀವವಿಕಾಸವನ್ನು ಕಿತ್ತು 'ಅನುವಂಶೀಯತೆ' ಒಂದನ್ನೇ ಉಳಿಸಿದರು. 2023ರ ಏಪ್ರಿಲ್‌ನಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಅದನ್ನು ಮರಳಿ ಸೇರಿಸಿ ಎಂದು ಬಹಿರಂಗ ಪತ್ರ ಬರೆದರು. ಮಕ್ಕಳಿಗೆ ಹೊರೆ ಕಡಿಮೆ ಮಾಡಲು ತೆಗೆದದ್ದು ಎಂಬುದು ಕಾರಣ. ಹನ್ನೊಂದನೇ ತರಗತಿಯಲ್ಲಿ ವಿಜ್ಞಾನ ತೆಗೆದುಕೊಂಡವರಿಗೆ ಮುಂದೆ ಸಿಗುತ್ತದಂತೆ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐಗೆ, ಕಾಮರ್ಸಿಗೆ, ಬೇಸಾಯಕ್ಕೆ, ಗಾರ್ಮೆಂಟ್ಸಿಗೆ ಹೋಗುವವರಿಗೆ? ನಮ್ಮ ಬ್ಯಾಚಿನಲ್ಲಿ ಅವರೇ ಹೆಚ್ಚು. ಜೀವಶಾಸ್ತ್ರದ ಅತಿ ದೊಡ್ಡ ವಿಚಾರವನ್ನು ಅವರು ಕೇಳದೆಯೇ ಶಾಲೆ ಬಿಡಬೇಕು ಎಂಬುದನ್ನು ನಾನು ಒಪ್ಪಲಾರೆ.

ಬೇಸಾಯಗಾರರ ಮಾತು ಬಿಟ್ಟು ನವಿಲಿನ ಬಗ್ಗೆ ಬರೆದರೆ ಊರಿಗೆ ಬಂದಾಗ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಈ ಲೇಖನದ ವಿಚಾರ ಹೇಳಿದಾಗ ನಮ್ಮ ಚಿಕ್ಕಪ್ಪ, "ಬೆಂಗ್ಳೂರಲ್ಲಿ ಕುಂತ್ಕಂಡು ಚೆಂದ ಅಂತ ಬರೀತೀಯ ಕಣ್ಲಾ. ಒಂದು ಸಲ ಹುರುಳಿ ಬಿತ್ತಿ ನೋಡು, ಆಮೇಲೆ ಚೆಂದ ಎಷ್ಟು ಅಂತ ಗೊತ್ತಾಯ್ತದೆ" ಅಂದರು. ಮಾತಿನಲ್ಲಿ ಸುಳ್ಳಿಲ್ಲ. ಬಿತ್ತಿದ ಕಾಳು, ಮೊಳಕೆ, ಟೊಮೆಟೊ, ಮೆಣಸಿನಕಾಯಿ ಯಾವುದನ್ನೂ ನವಿಲು ಬಿಡದು. ದೇಶದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿಯ ಪ್ರಕಾರ ನವಿಲುಗಳು ದೇಶದಲ್ಲಿ ನೂರೈವತ್ತು ಶೇಕಡಕ್ಕೂ ಹೆಚ್ಚು ಏರಿವೆ. ಹಿಂದೆ ಕಾಣದಿದ್ದ ಕೇರಳದ ಊರುಗಳಿಗೂ ಹರಡಿವೆ. ಕಾಯ್ದೆಯ ಭಯ, ದೇವರ ಹಕ್ಕಿ ಎಂಬ ಅಳುಕು ಎರಡೂ ಇರುವುದರಿಂದ ನಮ್ಮವರು ಹೆಚ್ಚಾಗಿ ಡಬ್ಬ ಬಡಿದು, ಹಳೆ ಸೀರೆ ಕಟ್ಟಿ ತೃಪ್ತರಾಗುತ್ತಾರೆ. ತಾಳ್ಮೆ ಕೆಟ್ಟ ಕಡೆ ಕಾಳಿಗೆ ವಿಷ ಬೆರೆಸಿದ ಸುದ್ದಿಯೂ ಪತ್ರಿಕೆಯಲ್ಲಿ ಬರುತ್ತದೆ. ವಿಷ ತಿಂದು ಸಾಯುವುದು ಬಹುತೇಕ ಗುಂಪಾಗಿ ಮೇಯಲು ಬರುವ ಹೆಣ್ಣು ಮತ್ತು ಮರಿಗಳೋ, ಒಂಟಿ ಗಂಡುಗಳೋ ಎಂದು ಯಾರಾದರೂ ಬರೆದಿಟ್ಟರೆ, ರೈತನಿಗೂ ಅರಣ್ಯ ಇಲಾಖೆಗೂ ಮಾತಾಡಲು ಒಂದು ಆಧಾರವಾದರೂ ಸಿಕ್ಕೀತು. ಒಂದು ಚದರ ಕಿಲೋಮೀಟರಿಗೂ ಚಿಕ್ಕದಾದ ಧಾಮದ ಹಕ್ಕಿಗಳು ಮೇಯುವುದು ಸುತ್ತಲಿನ ಊರುಗಳ ಹೊಲದಲ್ಲೇ.

ಆದ್ದರಿಂದ ಶಾಲೆಯ ವಿಜ್ಞಾನ ಸಂಘಕ್ಕೆ ನನ್ನದೊಂದು ಕೋರಿಕೆ. ಮುಂಗಾರಿನ ಮೊದಲ ಕುಣಿತ ಕಂಡ ತಾರೀಖು, ಒಂದು ಗಂಡಿನ ಎದುರು ಬಂದ ಹೆಣ್ಣುಗಳ ಸಂಖ್ಯೆ, ಯಾವ ಹೊಲ, ಯಾವ ಬೆಳೆ, ಇಷ್ಟನ್ನು ಮಕ್ಕಳು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಆಗಸ್ಟ್‌ನಿಂದ ಅಕ್ಟೋಬರಿನವರೆಗೆ ಗರಿ ಉದುರುವ ಕಾಲ. ಧಾಮದ ಒಳಗೆ ಬೇಡ, ಹೊಲದಲ್ಲಿ ತಾನಾಗಿ ಉದುರಿದ ಗರಿ ಆಯ್ದುಕೊಂಡರೆ ಸಾಕು. ಕಣ್ಣಿರುವ ಗರಿ, ತುದಿ ಮೀನಿನ ಬಾಲದಂತೆ ಕವಲೊಡೆದ ಗರಿ, ಪಕ್ಕದ ಕತ್ತಿಯಂಥ ಗರಿ ಎಂದು ಮೂರು ಥರ ಸಿಗುತ್ತವೆ. ಬೇರೆ ಬೇರೆ ಎಣಿಸಿ, ಉದ್ದ ಅಳೆದು ಬರೆಯಬೇಕು. ಅದನ್ನು ಕಂಪ್ಯೂಟರಿಗೆ ಏರಿಸಿ ಪಟ್ಟಿ ಮಾಡಿಕೊಡುವ ಕೆಲಸ ನನಗಿರಲಿ. ಈ ವರ್ಷದ ಗರಿ ಉದುರುವುದಕ್ಕೆ ಮೊದಲೇ ಸ್ಕೇಲು, ನೋಟ್‌ಬುಕ್ಕುಗಳನ್ನು ಶಾಲೆಗೆ ಕಳಿಸಿಕೊಡುತ್ತೇನೆ.